ಬೂಬಮ್ಮನ ಒಂದು ರೋಜಾ

ಆ ಕಾಲದಲ್ಲಿ ಊರಿನಲ್ಲಿ ಕೈಗಡಿಯಾರ ಕಟ್ಟಿದವರನ್ನು ಬೆರಳು ಮಡಿಸಿ ಎಣಿಸಬಹುದಿತ್ತು. ಅವರಲ್ಲೂ ಅರ್ಧ ಜನ ಕಟ್ಟುತ್ತಿದ್ದದ್ದು ನಾಲ್ಕು ಜನಕ್ಕೆ ಕಾಣಲಿ ಎಂದೇ ಹೊರತು ಟೈಮು ನೋಡುವುದಕ್ಕಲ್ಲ. ಟೈಮು ಬೇಕಾದವರಿಗೆ ನಂಜುಂಡ ಇದ್ದ.

ನಂಜುಂಡ ಪುರಸಭೆಯ ಜವಾನ. ಕಚೇರಿಯ ತಾರಸಿಯ ಮೇಲೆ ಯುದ್ಧದ ಕಾಲದ ಒಂದು ಸೈರನ್ ಇತ್ತು, ಹಿಡಿ ಹಿಡಿದು ಗರಗರ ತಿರುಗಿಸಿ ಕೂಗಿಸುವಂಥದು. ಬೆಳಿಗ್ಗೆ ಎಂಟಕ್ಕೂ ಮಧ್ಯಾಹ್ನ ಹನ್ನೆರಡಕ್ಕೂ ಅದನ್ನು ಕೂಗಿಸುವುದು ಅವನ ಕೆಲಸ. ಹನ್ನೆರಡರ ಸೈರನ್ನಿಗೆ ಹೊಳೆಯಾಚೆಯ ಎಸ್ಟೇಟಿನ ಆಳುಗಳು ಊಟದ ಗಂಟು ಬಿಚ್ಚುತ್ತಿದ್ದರು. ಮೇಷ್ಟ್ರು ಏನು ಹೇಳುತ್ತಿದ್ದರೂ ಲೆಕ್ಕಿಸದೆ ಶಾಲೆಯ ಮಕ್ಕಳು ಎದ್ದು ನಿಲ್ಲುತ್ತಿದ್ದರು. ಯಸಳೂರು ಬಸ್ಸಿನ ಡ್ರೈವರು ಹೋಟೆಲಿನ ಬೆಂಚಿನಿಂದ ಒಲ್ಲದ ಮನಸ್ಸಿನಲ್ಲಿ ಮೇಲೇಳುತ್ತಿದ್ದ. ದಿನಾ ಹತ್ತು ಗಂಟೆಗೆ ನಂಜುಂಡ ಅಂಚೆ ಕಚೇರಿಗೆ ಹೋಗಿ, ತಂತಿಯಲ್ಲಿ ಬರುವ ಟೈಮಿಗೆ ಹೊಂದಿಸಿದ ಅಲ್ಲಿಯ ಗಡಿಯಾರ ನೋಡಿ, ದಾರಿಯುದ್ದಕ್ಕೂ ಬಾಯಲ್ಲಿ ಎಣಿಸಿಕೊಳ್ಳುತ್ತಾ ಓಡಿ ಬಂದು ಕಚೇರಿಯ ಗೋಡೆ ಗಡಿಯಾರವನ್ನು ಸರಿಮಾಡುತ್ತಿದ್ದ. ಆ ಹೊತ್ತಿನಲ್ಲಿ ಸ್ವಂತ ಮಾವ ಎದುರು ಬಂದರೂ ಮಾತಾಡಿಸುತ್ತಿರಲಿಲ್ಲ. ಸಂಬಳ ಚಿಕ್ಕದು, ಗತ್ತು ದೊಡ್ಡದು.

ರಮ್ಜಾನ್ ತಿಂಗಳಲ್ಲಿ ಈ ಗತ್ತು ಇನ್ನೂ ಒಂದು ಗೇಣು ಏರುತ್ತಿತ್ತು. ಮೊದಲೆಲ್ಲ ಸಂಜೆ ಸೂರ್ಯ ಮುಳುಗಿ ರೋಜಾ, ಅಂದರೆ ದಿನದ ಉಪವಾಸ, ಬಿಡುವ ಹೊತ್ತಿಗೆ ಮಸೀದಿಯವರು ಮದ್ದು ತುಂಬಿದ ಕದಿನಿ ಹಾರಿಸುತ್ತಿದ್ದರು. ಒಂದು ವರ್ಷ ಅದು ಕೈಯಲ್ಲೇ ಸಿಡಿದು ಅನಾಹುತವಾದ ಮೇಲೆ, ಆ ಒಂದು ತಿಂಗಳು ಸಂಜೆಯೂ ಸೈರನ್ ಕೂಗಿಸಿಕೊಡಿ ಎಂದು ಪುರಸಭೆಗೆ ಅರ್ಜಿ ಕೊಟ್ಟರು. ಯಾವ ವಿಷಯ ಬಂದರೂ ಮೊದಲು ಬೇಡ ಎಂದು, ಆಮೇಲೆ ವಿಷಯ ಏನೆಂದು ಕೇಳುವ ಸದಸ್ಯ ಲಿಂಗಪ್ಪನವರು ಎದ್ದು ನಿಂತು, "ಹಂಗಾದ್ರೆ ಏಕಾದಶಿಗೂ ಕೂಗ್ಸಿ, ಸಂಕಷ್ಟಿಗೂ ಕೂಗ್ಸಿ. ನಂಜುಂಡನ ತೋಳು ಉಳೀತದಾ?" ಎಂದರು. ಮತ ಸಮಸಮ ಬಿತ್ತು. ಅಧ್ಯಕ್ಷರಾದ ಕಾಫಿ ತೋಟದ ಮಹಾದೇವಯ್ಯನವರು ಕೈ ಎತ್ತಿದ್ದರಿಂದ ಠರಾವು ಪಾಸಾಯಿತು. ಅಂದಿನಿಂದ ನಂಜುಂಡ ಸೈರನ್ ಕೂಗಿಸಿದರೆ ಊರಿನ ಮುನ್ನೂರು ಜನ ಮುಸಲ್ಮಾನರು ಬಾಯಿಗೆ ಖರ್ಜೂರ ಇಡುತ್ತಿದ್ದರು. ಮಸೀದಿಯ ಗಡಿಯಾರ ಒಂದು ಹೇಳಿ, ನಂಜುಂಡನ ಸೈರನ್ ಇನ್ನೊಂದು ಹೇಳಿದರೆ ಅವರು ಗಡಿಯಾರದ ಮುಳ್ಳನ್ನೇ ತಿರುಗಿಸುತ್ತಿದ್ದರು. ಅಷ್ಟು ನಂಬಿಕೆ.

ಆ ಅರ್ಜಿಯನ್ನು ಹಿಡಿದು ಬಂದವನು ಯಾಕೂಬ್. ಕಾಫಿ ಮೂಟೆಗಳನ್ನು ಹಾಸನಕ್ಕೆ ಸಾಗಿಸುವ ಒಂದು ಹಳೇ ಲಾರಿ ಅವನದು. ನಂಜುಂಡನೂ ಅವನೂ ಒಂದೇ ಮೋಟುಗೋಡೆಯ ಎರಡು ಬದಿಯಲ್ಲಿ ಬೆಳೆದವರು. ನಂಜುಂಡನಿಗೆ ಐದು ವರ್ಷವಾಗಿದ್ದಾಗ ತಾಯಿ ಮಲೇರಿಯಾದಲ್ಲಿ ಹೋಗಿಬಿಟ್ಟಳು. ಅಪ್ಪ ತೋಟದ ಕೆಲಸಕ್ಕೆ ಹೋದರೆ ದೀಪ ಹಚ್ಚಿದ ಮೇಲೇ ಬರುತ್ತಿದ್ದದ್ದು. ಯಾಕೂಬನ ತಾಯಿ ಮೆಹಬೂಬ್ ಬೀ, ಊರಿನವರ ಬಾಯಲ್ಲಿ ಬೂಬಮ್ಮ, ಯಾರಿಗೂ ಹೇಳದೆ ಕೇಳದೆ ಅಂದಿನಿಂದ ಎರಡು ತಟ್ಟೆ ಹಾಕತೊಡಗಿದಳು. ನಂಜುಂಡ ಮದುವೆಯಾಗಿ ಎರಡು ಮಕ್ಕಳ ತಂದೆಯಾದ ಮೇಲೂ, ಯಾಕೂಬ್ ಮೇಲಿನ ಬೀದಿಯಲ್ಲಿ ಮನೆ ಕಟ್ಟಿಸಿದ ಮೇಲೂ, ಎರಡನೇ ತಟ್ಟೆ ಹಾಗೇ ಇತ್ತು.

ಐವತ್ತೇಳರಲ್ಲಿ ರಮ್ಜಾನ್ ಏಪ್ರಿಲ್ ತಿಂಗಳಿಗೆ ಬಿತ್ತು. ತೋಟಗಳಿಗೆ ಹೂಮಳೆಯ ಕಾಲ. ಹದಿನೆಂಟನೇ ರೋಜಾದ ದಿನ ಪುರಸಭೆಯ ಸಭೆ. ಬೀದಿದೀಪದ ವಿಷಯಕ್ಕೆ ಸದಸ್ಯರು ಕೂಗಾಡಿಕೊಳ್ಳುತ್ತಿದ್ದಾಗ ಅವರಿಗೆ ಕಾಫಿ ತರುವುದರಲ್ಲೇ ನಂಜುಂಡನಿಗೆ ಬೆಳಗು ಬೈಗಾಯಿತು. ಮೂರು ಗಂಟೆಗೆ ಶುರುವಾದ ಮಳೆ ಆಲಿಕಲ್ಲು ಸುರಿದು ಊರಿಗೆ ಕತ್ತಲು ಕವಿಸಿತು. ಸಭೆ ಮುಗಿದು ಲೋಟ ಎತ್ತುವಾಗ ಗೋಡೆಯ ಕಡೆ ನೋಡುತ್ತಾನೆ, ಗಡಿಯಾರ ನಿಂತಿದೆ. ಹಿಂದಿನ ದಿನ ಕೊಡಬೇಕಾಗಿದ್ದ ಕೀಲಿ ಮರೆತಿದ್ದ. ಕೊಡೆ ಹಿಡಿದು ಅಂಚೆ ಕಚೇರಿಗೆ ಓಡಿದರೆ ಬಾಗಿಲಿಗೆ ಬೀಗ. ವಾಪಸು ಬಂದಾಗ ಮಹಾದೇವಯ್ಯನವರು ಜೀಪು ಹತ್ತುತ್ತಿದ್ದರು. ಟೈಮು ಕೇಳಿದ. ಅವರು ಮಣಿಕಟ್ಟು ನೋಡಿ, "ಐದೂ ಕಾಲು ಕಣಯ್ಯ" ಎಂದರು. ನಂಜುಂಡ ಓಡಿಹೋಗಿ ಕೀಲಿ ಕೊಟ್ಟು ಮುಳ್ಳು ತಿರುಗಿಸಿದ. ನೆಮ್ಮದಿಯಾಯಿತು.

ಆರು ಮೂವತ್ತೇಳಕ್ಕೆ, ಅಂದರೆ ಆ ಗಡಿಯಾರದ ಆರು ಮೂವತ್ತೇಳಕ್ಕೆ, ತಾರಸಿ ಹತ್ತಿ ಸೈರನ್ ತಿರುಗಿಸಿದ. ಊರೆಲ್ಲ ಮಬ್ಬು ಕತ್ತಲು. ಹಿಡಿ ಬಿಟ್ಟು ತೋಳು ಒತ್ತಿಕೊಳ್ಳುತ್ತಾ ನಿಂತಿದ್ದಾಗ ಪಡುವಣದಲ್ಲಿ ಮೋಡ ಹರಿಯಿತು. ಹರಿದ ಕಡೆಯಿಂದ ಸೂರ್ಯ ಇಣುಕಿದ. ಒದ್ದೆ ಹೆಂಚುಗಳ ಮೇಲೆ, ಮೇಲಿನ ಬೀದಿಯ ಅಂಗಳಗಳಲ್ಲಿ, ಮಸೀದಿಯ ಬಿಳೀ ಗೋಡೆಯ ಮೇಲೆ ಹಳದಿ ಬಿಸಿಲು ಬಿತ್ತು. ಆಗ ನಂಜುಂಡನಿಗೆ ನೆನಪಾಯಿತು. ಎಲ್ಲಿಗೆ ಹೋದರೂ ತಡ ಮಾಡುವ ಚಾಳಿಯ ಮಹಾದೇವಯ್ಯನವರು, ತಮ್ಮನ್ನು ತಾವೇ ಏಮಾರಿಸಿಕೊಳ್ಳುವುದಕ್ಕೆ ವಾಚನ್ನು ಹನ್ನೆರಡು ನಿಮಿಷ ಮುಂದೆ ಇಟ್ಟುಕೊಳ್ಳುತ್ತಾರೆ ಎಂಬುದು ಊರಿಗೆಲ್ಲ ಗೊತ್ತು. ನಂಜುಂಡನಿಗೂ ಗೊತ್ತು. ಎಷ್ಟೋ ಸಲ ಆ ಮಾತಾಡಿ ನಕ್ಕಿದ್ದ.

ಮಸೀದಿ ಹೊಳೆಯ ಪಕ್ಕದ ತಗ್ಗಿನಲ್ಲಿತ್ತು. ಎರಚಲಿಗೆ ಬಾಗಿಲು ಹಾಕಿಕೊಂಡು ಒಳಗೆ ನಮಾಜಿಗೆ ನಿಂತವರಿಗೆ ಬಿಸಿಲು ಕಾಣಲಿಲ್ಲ. ಮಾರನೇ ದಿನ ಕಂಡದ್ದು ಇಷ್ಟೇ: ಹಿಂದಿನ ಸಂಜೆ ಸೈರನ್ನಿಗೆ ಹೊಂದಿಸಿ ಮುಂದೆ ತಿರುಗಿಸಿದ್ದ ಮಸೀದಿಯ ಗಡಿಯಾರ ಹನ್ನೆರಡರ ಸೈರನ್ನಿಗೆ ಮತ್ತೆ ತಪ್ಪು ತೋರಿಸುತ್ತಿದೆ. ಗಡಿಯಾರಕ್ಕೇ ಏನೋ ರೋಗ ಬಂದಿದೆ ಎಂದು ಅದನ್ನು ರಿಪೇರಿಗೆ ಹಾಸನಕ್ಕೆ ಕಳಿಸಿಬಿಟ್ಟರು. ಕೊಂಡುಹೋದವನು ಯಾಕೂಬನೇ. ಏನೂ ಅರಿಯದ ಗಡಿಯಾರ ಗೋಣಿಯಲ್ಲಿ ಸುತ್ತಿಸಿಕೊಂಡು ಲಾರಿ ಹತ್ತಿದ್ದನ್ನು ನಂಜುಂಡ ಕಚೇರಿಯ ಮೆಟ್ಟಿಲಿನ ಮೇಲೆ ನಿಂತು ನೋಡಿದ. ಬಾಯಿ ಬಿಡಲಿಲ್ಲ.

ಬಾಯಿ ಬಿಡದಿರುವುದಕ್ಕೆ ಅವನ ಹತ್ತಿರ ಕಾರಣಗಳಿದ್ದವು. ಲಿಂಗಪ್ಪನವರ ಕಿವಿಗೆ ಬಿದ್ದರೆ ಠರಾವೇ ರದ್ದಾಗುತ್ತದೆ, ಊರಿನಲ್ಲಿ ಇಲ್ಲದ ಮಾತು ಬೆಳೆಯುತ್ತದೆ ಎಂದೆಲ್ಲ ತನಗೆ ತಾನೇ ಹೇಳಿಕೊಂಡ. ನಿಜ ಹೇಳಬೇಕೆಂದರೆ ಅವನಿಗೆ ನಾಚಿಕೆಯಾಗಿತ್ತು.

ಆದರೆ ಒಬ್ಬಳು ಬಿಸಿಲು ಕಂಡಿದ್ದಳು. ಮಾರನೇ ದಿನ ಸಂಜೆ ನಂಜುಂಡ ಮೇಲಿನ ಬೀದಿಗೆ ಹೋದಾಗ ಬೂಬಮ್ಮ ಜಗುಲಿಯಲ್ಲಿ ಕೂತು ತಸ್ಬಿ ಮಣಿ ಎಣಿಸುತ್ತಿದ್ದಳು. ಎಪ್ಪತ್ತು ದಾಟಿದ ಜೀವ. ರೋಜಾ ಬೇಡ ಎಂದು ಡಾಕ್ಟರು ಹೇಳಿದ್ದರೂ ಕೇಳಿದವಳಲ್ಲ.

"ನಂಜುಂಡಾ, ನಿನ್ನೆ ನಿನ್ ಸೈರನ್ ಒಸಿ ಬಿರೀನೆ ಆಯ್ತೇನೋ ಮಗ? ನಾನು ಖರ್ಜೂರ ನುಂಗಿ ನೀರು ಕುಡುದ್ ಮೇಲೆ ಅಂಗಳದಾಗೆ ಬಿಸ್ಲು ಬಿದ್ದಿತ್ತಲ್ಲೋ."

ಹೇಳುವುದಕ್ಕೆ ಅದಕ್ಕಿಂತ ಒಳ್ಳೇ ಹೊತ್ತು ದೇವರೂ ಕೊಡಲಾರ. ನಂಜುಂಡ, "ಇಲ್ಲ ಬೂಬಮ್ಮ, ಟೈಮಿಗೆ ಸರ್ಯಾಗೇ ಕೂಗ್ಸಿವ್ನಿ" ಎಂದ.

"ಹಂಗಾದ್ರೆ ಸರಿ ಬುಡು. ನನ್ ಕಣ್ಣೇ ಮಂಜಾಗೈತೆ. ನೀನು ಹೇಳಿದ್ ಮೇಲೆ ಇನ್ನೇನೈತೆ" ಎಂದು ಅವಳು ಸೊಸೆ ಫಹಮೀದಾಳನ್ನು ಕೂಗಿ ಅವನಿಗೆ ಗಂಜಿ ತರಿಸಿದಳು. ಅವನು ಕುಡಿದ.

ಈದ್ ದಿನ ಹೇಳಿಬಿಡಬೇಕು ಎಂದುಕೊಂಡೇ ಹೋದ. ಶ್ಯಾವಿಗೆ ಪಾಯಸದ ಬಟ್ಟಲು ಕೈಗೆ ಬಂತು, ನಗು ಬಂತು, ನೆಂಟರು ಬಂದರು, ಮಾತು ಮಾತ್ರ ಬರಲಿಲ್ಲ. ಈದ್ ಆಗಿ ಒಂಬತ್ತನೇ ದಿನ ಬೂಬಮ್ಮ ಎರಡು ದಿನದ ಜ್ವರಕ್ಕೆ ತೀರಿಕೊಂಡಳು.

ಮಣ್ಣು ಮಾಡಲು ಊರೇ ಬಂದಿತ್ತು. ಲಿಂಗಪ್ಪನವರೂ ಚಪ್ಪಲಿ ಬಿಟ್ಟು ನಿಂತಿದ್ದರು. ಎಲ್ಲರಂತೆ ನಂಜುಂಡನೂ ಮೂರು ಹಿಡಿ ಮಣ್ಣು ಹಾಕಿದ. ವಾಪಸು ಬರುವಾಗ ಯಾಕೂಬ್ ಅವನ ಹೆಗಲ ಮೇಲೆ ಕೈ ಹಾಕಿ ಅಳುತ್ತಾ, "ಒಂದು ಸಮಾಧಾನ ಕಣೋ. ನಮ್ಮಮ್ಮ ಬುದ್ಧಿ ಬಂದಾಗಿಂದ ಒಂದು ರೋಜಾನೂ ಬಾಕಿ ಇಟ್ಕಂಡೋಳಲ್ಲ. ಎಲ್ಲಾ ಮುಗಿಸ್ಕಂಡೇ ಹೋದ್ಲು" ಎಂದ.

ಹೊತ್ತು ಮುಳುಗುವ ಮುಂಚೆ ಬಿಟ್ಟ ರೋಜಾ ಬಾಕಿಯೇ ಎಂದು ನಂಜುಂಡನಿಗೆ ಗೊತ್ತಿತ್ತು; ಆ ಮಾತು ಕೇಳಿದ ಮೇಲೆ ಅವನಿಗೆ ಅನ್ನ ಸೇರಲಿಲ್ಲ. ಹೆಂಡತಿ ಮಾದೇವಮ್ಮ ಮೈ ಮುಟ್ಟಿ ನೋಡಿ ಜ್ವರವಿಲ್ಲ ಎಂದಳು. ನಾಲ್ಕನೇ ದಿನ ಬೆಳಿಗ್ಗೆ ಲಾರಿ ಶೆಡ್ಡಿಗೆ ಹೋಗಿ, ಬಾನೆಟ್ಟು ಎತ್ತಿಕೊಂಡು ನಿಂತಿದ್ದ ಯಾಕೂಬನಿಗೆ ಎಲ್ಲ ಹೇಳಿದ. ಕೀಲಿ ಮರೆತದ್ದು, ವಾಚು, ಬಿಸಿಲು, ಹಾಸನಕ್ಕೆ ಹೋದ ಗಡಿಯಾರ, ಎಲ್ಲ. ವಾಚಿನ ಮಾತಿಗೆ ಯಾಕೂಬನ ತುಟಿಯಲ್ಲಿ ಒಂದು ನಗುವೂ ಸುಳಿಯಿತು.

"ಗೊತ್ತಾಗ್ದೆ ಆದದ್ದು ಮಾರಾಯ. ಇನ್ನೊಂದು ರೋಜಾ ಇಟ್ರಾಯ್ತು" ಎಂದ.

"ಬೂಬಮ್ಮ ನನ್ನ ಕೇಳಿದ್ಲು ಕಣೋ. ಬಿರೀನೆ ಆಯ್ತಾ ಅಂತ."

ಯಾಕೂಬ್ ಕೈ ಒರೆಸುವುದನ್ನು ನಿಲ್ಲಿಸಿದ. "ಏನಂದೆ ನೀನು?"

"ಸರ್ಯಾಗೇ ಐತೆ ಅಂದ್ಬುಟ್ಟೆ."

ಯಾಕೂಬ್ ಬಾನೆಟ್ಟು ಇಳಿಸಿ, ಲಾರಿ ಹತ್ತಿ, ಅವನ ಮುಖ ನೋಡದೆ ಹೊರಟುಹೋದ. ಮೂವತ್ತು ವರ್ಷದ ಸ್ನೇಹದಲ್ಲಿ ಇಬ್ಬರೂ ಹೊಡೆದಾಡಿದ್ದುಂಟು, ಬೈದಾಡಿದ್ದುಂಟು. ಮಾತಿಲ್ಲದೆ ಹೋದದ್ದು ಅದೇ ಮೊದಲು.

ಇನ್ನು ಉಳಿಸಿಕೊಳ್ಳುವುದಕ್ಕೆ ಏನಿದೆ ಎಂದು ನಂಜುಂಡ ಶುಕ್ರವಾರ ಮಸೀದಿಯ ಮೆಟ್ಟಿಲ ಬಳಿ ನಿಂತು, ನಮಾಜು ಮುಗಿಸಿ ಬಂದವರಿಗೆಲ್ಲ ಕೈಮುಗಿದು ಹೇಳಿದ. ಒಂದಷ್ಟು ಜನ ಗೊಣಗಿದರು. ಗಡಿಯಾರ ರಿಪೇರಿ ಮಾಡಿಸಿದ್ದ ಬಟ್ಟೆ ಅಂಗಡಿ ಅಕ್ರಂ ಸಾಹೇಬರು, "ಅಲ್ಲಯ್ಯ, ಆ ಹಾಸನದೋನು ಯಾವ ಪಾರ್ಟು ಹಾಕ್ದೆ ಅಂದ ಹಂಗಾದ್ರೆ?" ಎಂದು ಬೇರೆಯೇ ಚಿಂತೆಗೆ ಬಿದ್ದರು. ಮಸೀದಿಯ ಹಜರತ್ತರು ಗಡ್ಡ ನೀವಿಕೊಂಡು, ತಿಳಿಯದೆ ಆದದ್ದಕ್ಕೆ ಪಾಪವಿಲ್ಲ, ಬರುವ ಗುರುವಾರ ಎಲ್ಲರೂ ಒಂದು ರೋಜಾ ಇಡೋಣ ಎಂದರು. ಯಾಕೂಬ್ ಹಿಂದೆ ಕಂಬಕ್ಕೆ ಒರಗಿ ನಿಂತಿದ್ದವನು ಇಳಿದು ಹೋದ.

ಪುರಸಭೆಯಲ್ಲೂ ಹೇಳಿದ. ಮಹಾದೇವಯ್ಯನವರು ವಾಚು ಕಟ್ಟಿದ ಕೈಯನ್ನು ಮೇಜಿನ ಕೆಳಗೆ ಇಳಿಸಿದರು. ಲಿಂಗಪ್ಪನವರು ಎದ್ದರು. ನಂಜುಂಡ ತಲೆ ತಗ್ಗಿಸಿದ. "ಅವರ ಉಪವಾಸ ಕೆಡ್ಸಿದ್ದು ಪುರಸಭೆ. ಸರಿ ಮಾಡ್ಬೇಕಾದ್ದೂ ಪುರಸಭೇನೆ. ಗುರುವಾರ ಸಂಜೆ ಸೈರನ್ ಕೂಗ್ಸೋದು ಅಂತ ಠರಾವು ಬರ್ಕೊಳ್ಳಿ" ಎಂದು ಕೂತರು. ಅವರ ಬಾಯಿಂದ ಬೇಡ ಎಂಬ ಮಾತಿಲ್ಲದೆ ಬಂದ ಠರಾವು ಅದೊಂದೇ ಎಂದು ಊರಿನವರು ಬಹಳ ವರ್ಷ ಹೇಳುತ್ತಿದ್ದರು.

ಗುರುವಾರ ನಂಜುಂಡ ಹೊತ್ತು ಮೂಡುವ ಮುಂಚೆ ನೀರು ಕುಡಿದವನು ಮತ್ತೆ ಹನಿ ಮುಟ್ಟಲಿಲ್ಲ. ಮಾದೇವಮ್ಮನಿಗೆ ಬಿಟ್ಟರೆ ಯಾರಿಗೂ ಹೇಳಲಿಲ್ಲ. ಅಂಚೆ ಕಚೇರಿಗೆ ಮೂರು ಸಲ ಹೋಗಿ ಬಂದ. ಸಂಜೆ ತಾರಸಿ ಹತ್ತಿದ. ನಿಮಿಷ ಎಣಿಸುತ್ತಾ ನಿಂತಿದ್ದಾಗ ಮೆಟ್ಟಿಲಿನ ಮೇಲೆ ಹೆಜ್ಜೆ ಸಪ್ಪಳವಾಯಿತು. ಯಾಕೂಬ್. ಕೈಯಲ್ಲಿ ಊಟದ ಕ್ಯಾರಿಯರು. ಬಂದು ಗೋಡೆಯ ಮೇಲೆ ಕೂತ. ಹೊತ್ತಾಯಿತು, ನಂಜುಂಡ ಹಿಡಿ ತಿರುಗಿಸಿದ. ಸೈರನ್ ಕೂಗು ಹೊಳೆ ದಾಟಿ ಆಲೂರು ಕಡೆಯ ಗುಡ್ಡಗಳಿಗೆ ಬಡಿದು ವಾಪಸು ಬಂತು. ಯಾಕೂಬ್ ಖರ್ಜೂರ ಬಾಯಿಗೆ ಹಾಕಿ, ನೀರು ಕುಡಿದು, ಕ್ಯಾರಿಯರು ಬಿಚ್ಚಿದ. ಅನ್ನ, ಕೋಳಿ ಸಾರು. ತಾನು ತಿನ್ನಲಿಲ್ಲ. ನಂಜುಂಡನ ಮುಂದೆ ಇಟ್ಟ.

"ಅಮ್ಮನ ರೋಜಾದ ವಿಷ್ಯ ಹಜರತ್ತರನ್ನ ಕೇಳ್ದೆ. ಅವಳ ಮೇಲೇನೂ ತಪ್ಪಿಲ್ಲ, ಆದ್ರೂ ನಿನ್ ಮನಸ್ಸು ತಡೀದಿದ್ರೆ ಅವಳ ಹೆಸ್ರಲ್ಲಿ ಒಬ್ಬ ಬಡವಂಗೆ ಎರಡು ಹೊತ್ತು ಊಟ ಹಾಕು ಅಂದ್ರು." ಅವನು ಹೊಳೆಯ ಕಡೆಗೇ ನೋಡುತ್ತಿದ್ದ. "ಊರೆಲ್ಲ ನೋಡ್ದೆ. ಅವಳನ್ನ ಕಳ್ಕಂಡು ನಿನ್ನಷ್ಟು ಬಡವ ಆದೋನು ಇನ್ನೊಬ್ಬ ಸಿಗ್ಲಿಲ್ಲ. ತಿನ್ನು."

ನಂಜುಂಡ ಕೈ ಇಡಲಾರದೆ ಕೂತ. ಅಳು ಉಕ್ಕಿ ಬಂತು. ಆದರೆ ಉಣ್ಣದೆ ಎದ್ದರೆ ಬೂಬಮ್ಮನ ಬಾಕಿ ಹಾಗೇ ಉಳಿಯುತ್ತದೆ. ಅಳುತ್ತಲೇ ಕಲಸಿದ, ಅಳುತ್ತಲೇ ಉಂಡ, ಒಂದು ಅಗುಳನ್ನೂ ಬಿಡಲಿಲ್ಲ. ಯಾಕೂಬ್ ಪಾತ್ರೆಯ ತಳ ನೋಡಿದ ಮೇಲೇ ಕ್ಯಾರಿಯರು ಮುಚ್ಚಿದ. ಎದ್ದು ಮೆಟ್ಟಿಲವರೆಗೆ ಹೋದವನು ಅಲ್ಲೇ ನಿಂತ.

"ಇನ್ನೊಂದು ಹೊತ್ತಿಂದು ಬಾಕಿ ಐತೆ" ಎಂದ. "ಬೆಳಿಗ್ಗೆ ಮನೆಗೆ ಬಾ."