ಉದ್ದಕ್ಕ ಎಲ್ಲಿದ್ದಾಳೆ

ಬಕೆಟ್ಟಿನ ಹಿಡಿ ತಣ್ಣಗಿದೆ, ಒಳಗೆ ಏನೂ ಇಲ್ಲವೇನೋ ಅನ್ನುವಷ್ಟು ಹಗುರ, ಒದ್ದೆ ಬಟ್ಟೆಯಲ್ಲಿ ಸುತ್ತಿದ್ದೇನೆ ಅವಳನ್ನು, ನನ್ನ ತೋಳಿನಷ್ಟು ಉದ್ದದವಳು ಬಕೆಟ್ಟಿನಲ್ಲಿ ಹಿಡಿಸಿದಳಲ್ಲ, ಮಡಚಿದ್ದು ನಾನಲ್ಲ, ನಡು ಮುರಿದೇ ಸಿಕ್ಕಿದಳು, ಹಿಂದಿನ ಕೋಣೆಯ ಕಸದ ಚೀಲದೊಳಗೆ, ಕಾಲಲ್ಲಿ ತುಳಿದು ತುಂಬಿದ ಹಳೇ ಕೊಂಬೆಗಳ ನಡುವೆ, ಒಂದು ಕಾಲು ಮಾತ್ರ ಇನ್ನೂ ಕೊಂಬೆಯನ್ನು ಹಿಡಿದುಕೊಂಡಿತ್ತು, ಬಿಡಿಸಲು ಹೋದರೆ ಬರಲಿಲ್ಲ, ಕೊಂಬೆಯ ತುಂಡನ್ನೂ ಸೇರಿಸಿಯೇ ಕತ್ತರಿಸಿದೆ — ಇಷ್ಟು ಹಗುರದ ಜೀವಕ್ಕೆ ಈ ಹುಳುಮನೆಯ ಗೋಡೆಯ ಮೇಲೆ ಅಷ್ಟು ದೊಡ್ಡ ಬೋರ್ಡು, ಜಗತ್ತಿನ ಅತಿ ಉದ್ದದ ಹುಳು, ಪಕ್ಕದ ಗಾಜಿನ ಪೆಟ್ಟಿಗೆಯಲ್ಲಿ ಅಂಗೈ ತುಂಬುವ ದುಂಬಿ, ಅದರಾಚೆ ಊಟದ ತಟ್ಟೆಯಗಲ ರೆಕ್ಕೆಯ ಪತಂಗ, ಜನ ಅವನ್ನೂ ನೋಡಿ ಹೌಹಾರುತ್ತಾರೆ, ಆದರೆ ಗುಂಪು ನಿಲ್ಲುವುದು ಈ ಕಡ್ಡಿಹುಳದ ಮುಂದೆಯೇ, ಯಾಕೆಂದರೆ ಇಲ್ಲಿ ನನ್ನ ತಮ್ಮ ಮಾತಾಡುತ್ತಾನೆ. ಹುಳುಗಳನ್ನು ಸಾಕುವವನು ಅವನು, ನಾನು ಗಾಜು ಉಜ್ಜುವವಳು, ನೆಲ ಒರೆಸುವವಳು, ಗಂಡ ಹೋದ ಮೇಲೆ ಅವನೇ ಕರೆತಂದು ಸೇರಿಸಿದ, ಮನೇಲಿ ಕೂತು ಗೋಡೆ ನೋಡೋ ಬದಲು ಇಲ್ಲಿ ಗಾಜು ನೋಡು ಬಾ ಅಕ್ಕ ಅಂತ, ಇವಳಿಗೆ ಉದ್ದಕ್ಕ ಅಂತ ಹೆಸರಿಟ್ಟವನೂ ಅವನೇ, ಮನೇಲೊಬ್ಬಳು ಗಿಡ್ಡಕ್ಕ, ಇಲ್ಲೊಬ್ಬಳು ಉದ್ದಕ್ಕ, ಇಬ್ಬರಲ್ಲಿ ಇವಳೇ ವಾಸಿ, ಬಾಯೇ ತೆಗೆಯೋಲ್ಲ, ಅಂದು ನಗುತ್ತಿದ್ದ, ಬೆಳಿಗ್ಗೆ ಬಾಗಿಲು ತೆಗೆದವನು ನನಗಿಂತ ಮೊದಲು ಅವಳನ್ನು ಮಾತಾಡಿಸುತ್ತಿದ್ದ, ಇವತ್ತೂ ಮಾತಾಡಿಸಿದ, ಏನಮ್ಮಾ ಉದ್ದಕ್ಕ, ನಿದ್ದೆ ಆಯ್ತಾ, ಅಂತ, ಖಾಲಿ ಪೆಟ್ಟಿಗೆಗೆ.

ಅವಳು ಮೇಯುವ ಕೊಂಬೆಗಳನ್ನು ಬದಲಾಯಿಸುವ ಪದ್ಧತಿ ಹೇಳಿಕೊಟ್ಟವನೂ ಅವನೇ ಅಲ್ಲವೇ, ಬಾಡಿದ ಕೊಂಬೆಗಳನ್ನು ಮೇಜಿನ ಬಿಳಿ ಬಟ್ಟೆಯ ಮೇಲೆ ಹರಡಬೇಕು, ಬುಡದಿಂದ ತುದಿಯವರೆಗೆ ಒಂದೊಂದನ್ನೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಬೇಕು, ಒಬ್ಬರು ನೋಡಿದ್ದನ್ನು ಇನ್ನೊಬ್ಬರು ನೋಡಬೇಕು, ಖಾಲಿ ಅಂತ ಬಾಯಿಬಿಟ್ಟು ಹೇಳಿದ ಮೇಲೇ ಚೀಲಕ್ಕೆ, ಯಾಕೆಂದರೆ ಮುಟ್ಟಿದರೆ ಅವಳು ಓಡುವುದಿಲ್ಲ, ಕಾಲು ಚಾಚಿ ಸೆಟೆದು ಇನ್ನಷ್ಟು ಕಡ್ಡಿಯಾಗುತ್ತಾಳೆ, ಬೆರಳಿಗೂ ಮೋಸವಾಗುತ್ತದೆ, ಕಣ್ಣೇ ಬೇಕು, ಅಕ್ಕ, ಇದು ಕಣ್ಣಿನ ಕೆಲಸ, ಅನ್ನುತ್ತಿದ್ದ. ನಿನ್ನೆ ಮುಂಬಾಗಿಲಲ್ಲಿ ಯಾರೋ ಜ್ಯೂಸು ಚೆಲ್ಲಿ ನನ್ನನ್ನು ಕೂಗಿದರು, ಒರೆಸಿ ಬರುವಷ್ಟರಲ್ಲಿ ಅವನು ಚೀಲದ ಬಾಯಿ ಕಟ್ಟುತ್ತಿದ್ದ, ನಾನೂ ನೋಡ್ತೀನಿ ತಾಳೋ ಅಂದರೆ ಎರಡು ಸಲ ನೋಡಿದೀನಿ, ಖಾಲಿ, ನನ್ನನ್ನೇ ಪರೀಕ್ಷೆ ಮಾಡ್ತೀಯಾ ಅಂದ, ನಗುತ್ತಲೇ ಅಂದ. ಬೆಳಿಗ್ಗೆ ಪೆಟ್ಟಿಗೆಯ ಗಾಜು ಒರೆಸುವಾಗ ಮೇಲೆ ನೋಡಿದೆ, ಕೆಳಗೆ ನೋಡಿದೆ, ಎಲ್ಲೂ ಇಲ್ಲ, ಹಿಂದಿನ ಕೋಣೆಗೆ ಓಡಿ ಚೀಲ ಬಿಚ್ಚಿ ಸುರಿದೆ — ಸುರಿದ ಮೇಲೆ ಅರ್ಥವಾಗಿದ್ದು ಅವಳೊಬ್ಬಳ ವಿಷಯವಲ್ಲ, ಎಲ್ಲವೂ ಒಟ್ಟಿಗೆ ಅರ್ಥವಾಯಿತು, ಅವನು ನಡೆಯುವಾಗ ನನ್ನ ಬಕೆಟ್ಟಿಗೆ ಕಾಲು ತಾಗಿಸಿ ಬಕೆಟ್ಟನ್ನೇ ಬೈಯುವುದು, ಸಂಜೆಯಾದರೆ ನನ್ನ ಭುಜದ ಮೇಲೆ ಕೈಯಿಟ್ಟು ಗಿಡ್ಡಕ್ಕ ಒಳ್ಳೇ ಊರುಗೋಲು ಅಂತ ತಮಾಷೆ ಮಾಡುವುದು, ಲೋಟಕ್ಕೆ ಟೀ ಬಗ್ಗಿಸುವಾಗ ಅಂಚಿನೊಳಗೆ ಬೆರಳ ತುದಿ ಇಟ್ಟುಕೊಳ್ಳುವುದು, ಟೀ ಬೆರಳಿಗೆ ತಾಗಿದ ಮೇಲೇ ನಿಲ್ಲಿಸುವುದು, ಅಪ್ಪನೂ ಹಾಗೇ ಮಾಡುತ್ತಿದ್ದರು. ದರ್ಜಿ ಅಪ್ಪ, ದಾರ ಪೋಣಿಸಿ ಕೊಡು ಮಗಾ, ಕೈ ನಡುಗ್ತಿದೆ ಅನ್ನುತ್ತಿದ್ದರು, ಕೈ ನಡುಗುತ್ತಿರಲಿಲ್ಲ, ಮೊದಲು ಸಂಜೆ ಹೊತ್ತಿನದು ಕಾಣದಾಯಿತು, ಆಮೇಲೆ ಅಕ್ಕಪಕ್ಕದ್ದು, ಕೊನೆಗೆ ಎದುರಿನದೂ, ಅಳತೆ ತಪ್ಪಿದ ತೋಳು ಹೊಲಿದಾಗಲೂ ಬಟ್ಟೆ ಕುಗ್ಗಿದೆ ಅಂದರು, ಕಣ್ಣು ಅನ್ನುವ ಮಾತು ಸಾಯುವವರೆಗೆ ಅವರ ಬಾಯಿಂದ ಬರಲಿಲ್ಲ, ಗಿರಾಕಿಗಳು ಒಬ್ಬೊಬ್ಬರಾಗಿ ಬೇರೆ ಅಂಗಡಿ ಹಿಡಿದರು, ತಮ್ಮನಿಗೆ ಆಗ ಚಡ್ಡಿ ಹಾಕುವ ವಯಸ್ಸು, ರಾತ್ರಿ ನನ್ನ ಪಕ್ಕ ಮಲಗಿ ಕೇಳುತ್ತಿದ್ದ, ಅಕ್ಕ, ನನಗೂ ಹಾಗೆ ಆಗತ್ತಾ, ಇಲ್ಲ ಕಣೋ ಪೆದ್ದ, ನಿನ್ನ ಕಣ್ಣು ಅಮ್ಮನ ಕಣ್ಣು, ಮಲಕ್ಕೋ.

ಈಗ ಗುಂಪು ಸೇರಿದೆ, ಗಾಜಿನ ಮುಂದೆ ಎಂಟು ಹತ್ತು ಜನ, ಅವನ ದನಿ ಎಂದಿನಂತೆ ಗಂಟೆ ಹೊಡೆದ ಹಾಗೆ, ಎಲ್ಲಿದಾಳೆ ಹೇಳಿ ನೋಡೋಣ, ಕಣ್ಣ ಮುಂದೇನೇ ಇದಾಳೆ, ಯಾರಿಗೂ ಕಾಣ್ತಾ ಇಲ್ವಾ, ಸರಿ ನಾನೇ ತೋರಿಸ್ತೀನಿ, ಅಗೋ ಅಲ್ಲಿ — ಕೈ ಎತ್ತಿ ಬೆರಳು ಚಾಚಿದ, ಎಡಗಡೆಯ ಮೂಲೆಗೆ, ಅವಳು ಯಾವಾಗಲೂ ಜೋತುಬೀಳುತ್ತಿದ್ದ ಜಾಗಕ್ಕೆ, ಅಲ್ಲಿರುವುದು ನಿನ್ನೆ ಅವನೇ ಇಟ್ಟ ಹೊಸ ಕೊಂಬೆ, ಅದರದೊಂದು ಕಡ್ಡಿ, ಎಲೆಯೂ ಇಲ್ಲದ ಬರೀ ಕಡ್ಡಿ, ಅದರತ್ತ ಆ ಬೆರಳು, ಉಗುರಿನ ಸಂದಿಯಲ್ಲಿ ಮಣ್ಣು. ಕೊಡೆ ಹಿಡಿದ ಹೆಂಗಸು ಹೌದು ಹೌದು, ಕಂಡಿತು, ಅಬ್ಬಾ ಎಷ್ಟುದ್ದ ಅಂದಳು, ಇನ್ನೊಬ್ಬ ಫೋಟೋ ತೆಗೆದ, ದಪ್ಪ ಕನ್ನಡಕದ ಮುದುಕರೊಬ್ಬರು ಗಾಜಿಗೆ ಮೂಗು ತಾಗಿಸಿ ನನಗೇನೋ ಕಡ್ಡಿ ಕಂಡ ಹಾಗಿದೆಯಪ್ಪಾ ಅಂದರು, ನಿಮಗೆ ಏನು ತಾನೆ ಕಾಣತ್ತೆ, ನಾನೇ ಕಾಣೋಲ್ಲ, ಅಂತ ಅವರ ಹೆಂಡತಿ ಗದರಿಸಿದ್ದಕ್ಕೆ ಎಲ್ಲರೂ ನಕ್ಕರು, ತಮ್ಮನೂ ನಕ್ಕ, ಅದೇ ಯಜಮಾನರೇ ಅವಳ ಕಸುಬು, ಕಡ್ಡಿ ಅನ್ನಿಸಬೇಕು, ಕಡ್ಡಿ ಅನ್ನಿಸಿದರೆ ಅವಳು ಗೆದ್ದಳು, ಬೆರಳು ಅಲ್ಲೇ ಇದೆ, ಇಳಿಸಿಲ್ಲ. ನಾನು ಮೆಲ್ಲಗೆ ಕಂಬದ ಹತ್ತಿರದಿಂದ ಬಾಗಿಲ ಕಡೆ ಸರಿದೆ, ಬಕೆಟ್ಟಿನಲ್ಲಿರುವ ಇವಳನ್ನು ಎಲ್ಲಿ ಹೂಳಲಿ, ಹೂತರೂ ಮಧ್ಯಾಹ್ನ ಇಲ್ಲಿನ ಉಸ್ತುವಾರಿ ಮೇಡಂ ನೋಡಲು ಬರುತ್ತಾರೆ, ಮೇಡಮ್ಮಿಗೆ ಹುಳು ಕಾಣದಿದ್ದರೆ ಇವನ ಕಣ್ಣಿನ ಗತಿ ಕಾಣುತ್ತದೆ, ಬೀಗದಕೈ ಗೊಂಚಲು ಕೊಟ್ಟು ಮನೆಗೆ ಬಂದು ಕೂರುತ್ತಾನೆ, ಈ ಹುಳುಮನೆಯಾಚೆ ಅವನಿಗೆ ಏನಿದೆ, ಮದುವೆಯೂ ಬೇಡ ಅಂದವನು, ತಪ್ಪು ನನ್ನದು ಅಂದುಬಿಡಲೇ, ನಾನೇ ನೋಡದೆ ಚೀಲಕ್ಕೆ ಹಾಕಿದೆ ಅಂದರೆ ನನ್ನ ಕೆಲಸ ಹೋಗುತ್ತದೆ, ಹೋಗಲಿ, ಆದರೆ ನಾಳೆ ಹುಳುಗಳನ್ನು ಬೆಚ್ಚಗಿಡುವ ಬಿಸಿದೀಪಕ್ಕೆ ಕೈ ಹಾಕುವವನನ್ನು ಯಾರು ತಡೆಯುತ್ತಾರೆ, ಮೆಟ್ಟಿಲಿಳಿಯುವಾಗ ಯಾರ ಭುಜ — ನಂಬಿಕೆ ಇಲ್ಲದಿದ್ರೆ ನಮ್ಮಕ್ಕನ್ನ ಕೇಳಿ ಅನ್ನುತ್ತಿದ್ದಾನೆ, ಅವಳದು ಹದ್ದಿನ ಕಣ್ಣು, ಅಕ್ಕಾ, ಹೇಳು ಇವರಿಗೆ, ಅಲ್ಲೇ ಇದಾಳಲ್ವಾ, ಮಾತಿನ ತುದಿ ಮೆತ್ತಗಾಯಿತು, ಅದು ಜನರಿಗೆ ಕೇಳಿಸಲು ಆಡಿದ್ದಲ್ಲ, ಮುಖ ತಿರುಗಿಸಿ ಕಾಯುತ್ತಿದ್ದಾನೆ, ನನ್ನ ಕಡೆಗಲ್ಲ, ಕಂಬದ ಕಡೆಗೆ, ನಾನು ಆಗ ನಿಂತಿದ್ದ ಜಾಗಕ್ಕೆ, ಅಲ್ಲಿ ನೆಲ ಒರೆಸುವ ಕೋಲು ಒರಗಿದೆ, ಅದನ್ನು ನೋಡಿ ಮುಗುಳ್ನಗುತ್ತಿದ್ದಾನೆ, ಜನ ಕೋಲನ್ನೂ ನನ್ನನ್ನೂ ನೋಡುತ್ತಿದ್ದಾರೆ, ನಗು ಒಬ್ಬೊಬ್ಬರ ಮುಖದಿಂದ ಇಳಿಯುತ್ತಿದೆ, ಇಲ್ಲಿ ಇದೀನಿ ಕಣೋ, ಈ ಕಡೆ, ಅನ್ನಲೇ, ಹೌದು ಅನ್ನಲೇ, ಬೆರಳು ಇನ್ನೂ ಮೇಲೇ ಇದೆ, ಇಳಿಸೋ, ಇಳಿಸು ಪುಟ್ಟ, ಇಳಿಸುತ್ತಿಲ್ಲ, ಬರೀ ಕಡ್ಡಿ, ಅದರತ್ತ ಆ ಬೆರಳು, ಬರೀ ಕಡ್ಡಿ, ಆ ಬೆರಳು