ಬೆಂಕಿ ಕೊಟ್ಟವನು

“ಏ ಮುಂಡೆ, ನಂಬರು ಜೋರಾಗಿ ಕೂಗೇ! ಬಾಯಲ್ಲೇನು ಬೂದಿ ತುಂಬ್ಕೊಂಡಿದೀಯಾ?”

ಮೇಸ್ತ್ರಿ ಹನ್ನೆರಡು ವರ್ಷದಿಂದ ನನ್ನನ್ನು ಹಾಗೆಯೇ ಕರೆಯುತ್ತಿದ್ದ. ಗಂಡ ಪಕ್ಕದಲ್ಲಿ ನಿಂತಿರುತ್ತಿದ್ದಾಗ ಅದು ಬರೀ ಬೈಗುಳ. ಈಗ ನಿಜವಾಗಿದೆ. ಕೂಗಿದ ಮೇಲೆ ಅವನಿಗೂ ಹೊಳೆದಿರಬೇಕು, ಮುಖ ತಿರುಗಿಸಿ ಸುಮ್ಮನೆ ಜೇಬು ತಡಕಾಡಿದ.

ಬಾಯಲ್ಲಿ ಬೂದಿ ಇದ್ದದ್ದೂ ನಿಜವೇ. ಬೆಂಕಿ ಬಿದ್ದು ಇಪ್ಪತ್ತೆರಡು ದಿನವಾದರೂ ಕಾಲಿಟ್ಟಲ್ಲೆಲ್ಲ ಏಳುತ್ತಿತ್ತು.

ನಮ್ಮ ಕೆಲಸ ಇಷ್ಟು. ಕಾಡಿನಲ್ಲಿ ಹಗ್ಗ ಹಿಡಿದು ಗುರುತು ಮಾಡಿದ ಒಂದು ದೊಡ್ಡ ಚೌಕ. ಅದಕ್ಕೆ ಪ್ಲಾಟು ಎನ್ನುತ್ತಾರೆ. ಅದರೊಳಗಿನ ಪ್ರತಿ ಮರಕ್ಕೂ ಮೊಳೆ ಹೊಡೆದ ತಗಡಿನ ನಂಬರು. ವರ್ಷಕ್ಕೊಮ್ಮೆ ನಾನು ಟೇಪು ಸುತ್ತಿ ನಂಬರು, ಜಾತಿ, ಸುತ್ತಳತೆ, ಬದುಕಿದೆಯೋ ಸತ್ತಿದೆಯೋ ಎಂದು ಕೂಗಬೇಕು. ಡಾಕ್ಟರು ಬರೆದುಕೊಳ್ಳುತ್ತಾರೆ. ಸತ್ತಿದ್ದರೆ ಕಾರಣಕ್ಕೂ ಒಂದು ಖಾನೆ ಇದೆ. ಡಾಕ್ಟರು ಎಂದರೆ ಮಾತ್ರೆ ಕೊಡುವವರಲ್ಲ, ಕಾಡಿನ ವಿಷಯ ಓದಿ ಡಾಕ್ಟರಾದವರು. ನನ್ನ ಗಂಡ ತೊಗಟೆ ಗೀರಿ, ಮೂಸಿ ಮರದ ಜಾತಿ ಹೇಳುತ್ತಿದ್ದ. ಇವರು ಪುಸ್ತಕ ತಿರುವಿ “ಕರೆಕ್ಟು” ಎನ್ನುತ್ತಿದ್ದರು. ಆ ಮೂಸುವ ವಿದ್ಯೆಯನ್ನು ಅವನು ನನಗೂ ಕಲಿಸಿದ್ದ.

ಆವತ್ತು ಮಧ್ಯಾಹ್ನ ಗುಡ್ಡದ ಆಚೆಯಿಂದ ಬೆಂಕಿ ಬಂತು. “ಹೇಗಾದ್ರೂ ಪ್ಲಾಟ್ ಉಳಿಸ್ಕೊಳ್ರಪ್ಪಾ” ಎಂದು ಡಾಕ್ಟರು ಊರಿಂದ ಫೋನು ಮಾಡಿದರು. ಬರುವ ಬೆಂಕಿಗೆ ಎದುರಾಗಿ ಒಂದು ಪಟ್ಟಿ ಹುಲ್ಲನ್ನು ನಾವೇ ಮೊದಲು ಸುಟ್ಟುಬಿಟ್ಟರೆ ಅದಕ್ಕೆ ತಿನ್ನಲು ಏನೂ ಸಿಗದೆ ಅಲ್ಲೇ ಆರಿಹೋಗುತ್ತದೆ. ಇದಕ್ಕೆ ನಮ್ಮವರು ‘ಬೆಂಕಿ ಕೊಡುವುದು’ ಎನ್ನುತ್ತಾರೆ. ಗಾಳಿಯ ಬುದ್ಧಿ ತಿಳಿದವನೇ ಕೊಡಬೇಕು. ಮೇಸ್ತ್ರಿ ಜೀಪು ಹತ್ತಿ ಓಡಿದ. ನನ್ನ ಗಂಡ ಕೊಟ್ಟ. ಮುಕ್ಕಾಲು ಪ್ಲಾಟು ಉಳಿಯಿತು. ಗಾಳಿ ತಿರುಗಿದ ಮೂಲೆಯಲ್ಲಿ ಅವನು ಉಳಿಯಲಿಲ್ಲ.

ಮೂರನೇ ದಿನ ರೇಂಜರು ಕಚೇರಿಗೆ ಕರೆಸಿದರು. ಫ್ಯಾನಿನ ಕೆಳಗೆ ಅವರು, ಬಾಗಿಲ ಬಳಿ ನಾನು.

“ನಿನ್ ಗಂಡ ಅಲ್ಲೇನ್ ಮಾಡ್ತಿದ್ದ?”

“ಬೆಂಕಿ ಕೊಟ್ಟ ಸ್ವಾಮಿ.” ಎದೆಯುಬ್ಬಿಸಿ ಹೇಳಿದೆ, ಸುಳ್ಳಾಡುವುದಿಲ್ಲ. “ಅವ್ನೊಬ್ನೇ ಕೊಟ್ಟಿದ್ದು. ಬೇರೆ ಯಾರಿಗಿತ್ತು ಧೈರ್ಯ?”

ರೇಂಜರು ಪೆನ್ನು ನಿಲ್ಲಿಸಿ ನನ್ನನ್ನೇ ನೋಡಿದರು. “ಇನ್ನೊಂದ್ಸಲ ಹೇಳು.”

ಹೇಳಿದೆ. ಅವರು ಬರೆದದ್ದರ ಕೆಳಗೆ ಹೆಬ್ಬೆಟ್ಟೂ ಒತ್ತಿದೆ.

“ಕೇಳಿದ್ರೇನ್ರಯ್ಯಾ? ಕಳ್ಳ ಬೋಳಿಮಗ! ಕಾಡಿನ ಅನ್ನ ತಿಂದು ಕಾಡಿಗೇ ಬೆಂಕಿ ಇಟ್ಟವ್ನೆ. ಕಟ್ಕೊಂಡೋಳೇ ಒಪ್ಕೊಂಡ್ಳು,” ಎಂದು ರೇಂಜರು ಗೋಡೆ ಬದಿ ನಿಂತಿದ್ದ ಗಾರ್ಡುಗಳತ್ತ ತಿರುಗಿದರು.

“ಅಯ್ಯೋ, ಅದಲ್ಲ ಸ್ವಾಮಿ! ಕೊಡೋದು ಅಂದ್ರೆ...”

“ನಡಿಯೇ ಆಚೆ.”

ಬೆಂಕಿ ಅವನನ್ನು ಒಂದು ಸಲ ಕೊಂದಿತು. ಇನ್ನೊಂದು ಸಲ ಕೊಂದದ್ದು ನನ್ನ ಬಾಯಿ. ಅವನ ತಾಯಿ, ನನ್ನ ಅತ್ತೆ, ಅಂದಿನಿಂದ ನನ್ನೊಡನೆ ಮಾತು ಬಿಟ್ಟಿದ್ದಾರೆ. ನಲ್ಲಿಯ ಹತ್ತಿರ ಅವರು ಬಂದರೆ ಹೆಂಗಸರು ಬಿಂದಿಗೆ ಎತ್ತಿಕೊಂಡು ಸರಿಯುತ್ತಾರೆ. ‘ಕಾಡು ಸುಟ್ಟವನ ತಾಯಿ’ ಅಂತೆ. ಒಂದು ಬೆಳಿಗ್ಗೆ ಅತ್ತೆ ಖಾಲಿ ಬಿಂದಿಗೆ ಹಿಡಿದೇ ವಾಪಸು ಬಂದು ಗೋಡೆಗೆ ಮುಖ ಮಾಡಿ ಮಲಗಿದರು. ಅವತ್ತು ನಾನು ಡಾಕ್ಟರ ಕಾಲು ಹಿಡಿದೆ.

“ಪ್ಲಾಟ್ ಉಳ್ಸೋಕೆ ಕೊಟ್ಟ ಅಂತ ನೀವೊಂದ್ ಮಾತು ಬರ್ದುಕೊಡಿ ಸಾರ್. ಅವ್ನ ಹೆಸ್ರು ಉಳೀಲಿ.”

“ನೋಡಮ್ಮಾ, ನನಗೂ ಬೇಜಾರಿದೆ. ಆದ್ರೆ ಕಾಡೊಳಗೆ ಬರೋಕೆ ಪರ್ಮಿಷನ್ ಕೊಡೋರು ಆ ರೇಂಜರೇ ಅಲ್ವಾ? ಎದುರು ಹಾಕ್ಕೊಂಡ್ರೆ ಇಪ್ಪತ್ತು ವರ್ಷದ ಕೆಲ್ಸ ನಿಂತ್ಹೋಗುತ್ತೆ.” ಹೇಳುವಾಗ ಅವರ ಕಣ್ಣು ತುಂಬಿತ್ತು. ನನಗೇನು ಬಂತು ಅದರಿಂದ?

ಹೀಗೆ ಇಂದು ಸುಟ್ಟ ಮೂಲೆಯಿಂದ ಲೆಕ್ಕ ಶುರುವಾಗಿತ್ತು. ತಗಡುಗಳೆಲ್ಲ ಮಸಿಯಾಗಿದ್ದವು; ಹನ್ನೆರಡು ವರ್ಷದ ನೆನಪಿನ ಮೇಲೆ ನಂಬರು ಕೂಗುತ್ತಿದ್ದೆ.

“ಮುನ್ನೂರ ಹನ್ನೊಂದು. ಸತ್ತಿದೆ. ಬೆಂಕಿ.” ಡಾಕ್ಟರು ಬರೆದುಕೊಂಡರು.

“ಮುನ್ನೂರ ಹನ್ನೆರಡು. ಸತ್ತಿದೆ. ಬೆಂಕಿ.” ಅದನ್ನೂ ಬರೆದುಕೊಂಡರು.

ಆಚೆಗೆ ಒಂದು ಕರಿ ಮೋಟು. ಅವನು ಸಿಕ್ಕಿದ್ದು ಅದರ ಬುಡದಲ್ಲಿ. ನನ್ನ ಚೀಲದಲ್ಲಿ, ಹೊಸದಾಗಿ ಎದ್ದ ಗಿಡಗಳಿಗೆಂದು ಕೊಟ್ಟ, ಸಾವಿರದ ಮೇಲಿನ ನಂಬರಿನ ತಗಡುಗಳಿದ್ದವು. ಒಂದನ್ನು ತೆಗೆದು ಮೋಟಿಗಿಟ್ಟು ಮೊಳೆ ಹೊಡೆದೆ. ಗುರಿ ತಪ್ಪಿ ಒಂದು ಏಟು ಹೆಬ್ಬೆಟ್ಟಿಗೇ ಬಿತ್ತು, ಅವತ್ತು ಒತ್ತಿದ ಹೆಬ್ಬೆಟ್ಟಿಗೆ.

“ಸಾವಿರದ ಆರು,” ಎಂದೆ. “ಜಾತಿ, ಮನುಷ್ಯ.”

ಡಾಕ್ಟರ ಪೆನ್ಸಿಲು ನಿಂತಿತು.

“ಏಯ್, ತಲೆ ಕೆಟ್ಟಿದೆಯೇನೇ?” ಮೇಸ್ತ್ರಿ ಎದ್ದು ಬಂದ.

“ಜೋರಾಗಿ ಕೂಗು ಅಂದ್ಯಲ್ಲೋ, ಓಡಿಹೋದೋನೇ! ಕೇಳಿಸ್ಕೋ. ಸುತ್ತಳತೆ, ನನ್ನೆರಡು ತೋಳಿನಷ್ಟು. ಸತ್ತಿದಾನೆ. ಕಾರಣ, ಪ್ಲಾಟ್ ಉಳ್ಸೋಕೆ ಬೆಂಕಿ ಕೊಟ್ಟ. ಬರ್ಕೊಳ್ಳಿ ಸಾರ್.”

“ಅದೆಲ್ಲ ಇದ್ರಲ್ಲಿ ಬರೆಯೋಕಾಗಲ್ಲಮ್ಮಾ,” ಎಂದರು ಡಾಕ್ಟರು ಮೆಲ್ಲಗೆ. “ಮುಂದಿಂದು ಹೇಳು.”

ಮುಂದೆ ಅವನು ಉಳಿಸಿದ ಮರಗಳೆಲ್ಲ ಬಾಕಿ ಇದ್ದವು. ಜೀವ ಇದ್ದರೂ ಕಾವಿಗೆ ಬುಡ ಕರಿಕಾಗಿ, ಎಲೆ ಉದುರಿ, ನೋಡಲು ಎಲ್ಲ ಒಂದೇ ತರ. ಅಲ್ಲೂ ತಗಡಿನ ನಂಬರುಗಳು ಮಸಿ ಹಿಡಿದು ಕಾಣುತ್ತಿರಲಿಲ್ಲ. ಮೂಸಿ ಜಾತಿ ಹೇಳಬಲ್ಲವಳು ನಾನೊಬ್ಬಳೇ ಎಂಬುದು ಅವರಿಗೂ ಗೊತ್ತು.

ಟೇಪು ಸುತ್ತಿ ಮಡಿಲಿಗೆ ಹಾಕಿಕೊಂಡು ಮೋಟಿನ ಬುಡದಲ್ಲಿ, ಬೂದಿಯ ಮೇಲೆಯೇ ಕೂತೆ. ಅಳು ಬಂತು; ತಡೆಯಲಿಲ್ಲ.

ಡಾಕ್ಟರು ಹಾಳೆ ನೋಡಿದರು, ಮರಗಳನ್ನು ನೋಡಿದರು. ಪೆನ್ಸಿಲಿನ ಮೊನೆ ಹಾಳೆಯ ಮೇಲಿತ್ತು, ಅಲ್ಲಾಡಲಿಲ್ಲ.

“ಸಾವಿರದ ಆರು,” ಎಂದು ಮತ್ತೆ ಕೂಗಿದೆ.