ಮೂರನೇ ಮಹಡಿಗೆ ಹತ್ತಿದ ಕೆಂಪು ಗುಂಡಿ

ಮನುಷ್ಯರನ್ನು ಬಾಹ್ಯಾಕಾಶಕ್ಕೆ ಕಳಿಸಲೆಂದೇ ಕಟ್ಟಿದ ಆ ಕೇಂದ್ರದಲ್ಲಿ ಹೋಗುವವರು ನಾಲ್ಕು ಜನ, ಕಳಿಸುವ ಮುಖ್ಯಸ್ಥರು ಹದಿನಾಲ್ಕು ಜನ. ನಿರ್ದೇಶಕರು, ಉಪನಿರ್ದೇಶಕರು, ಸಹನಿರ್ದೇಶಕರು, ಇವರ ನಡುವೆ ಜಗಳವಾಗದಂತೆ ನೋಡಿಕೊಳ್ಳಲು ಒಬ್ಬ ಸಮನ್ವಯ ನಿರ್ದೇಶಕರು, ಆ ಸಮನ್ವಯ ನಡೆಯುತ್ತಿದೆಯೋ ಇಲ್ಲವೋ ಅಂತ ಕಣ್ಣಿಡಲು ಮತ್ತೊಬ್ಬರು. ಹದಿನಾಲ್ಕೂ ಜನರ ಫೋಟೊಗಳು ಹೆಬ್ಬಾಗಿಲ ಗೋಡೆಯನ್ನು ತುಂಬಿಬಿಟ್ಟಿದ್ದವು. ಗಗನಯಾತ್ರಿಗಳ ಫೋಟೊಗೆ ಅಲ್ಲಿ ಜಾಗ ಸಾಲದೆ ಕ್ಯಾಂಟೀನಿನಲ್ಲಿ ಕೈ ತೊಳೆಯುವ ಬೇಸಿನ್ನಿನ ಮೇಲೆ ತೂಗುಹಾಕಿದ್ದರು. ಎಲ್ಲರೂ ಪಲ್ಲಕ್ಕಿ ಹತ್ತಿದರೆ ಹೊರುವವರು ಯಾರು ಅಂತ ಕೇಳುತ್ತೀರಾ? ಹೊರುವವಳು ನೆಲಮಹಡಿಯಲ್ಲಿದ್ದಳು. ಅವಳನ್ನು ಎಲ್ಲರೂ ಬಾಗಿಲಮ್ಮ ಅನ್ನುತ್ತಿದ್ದರು.

ನೆಲಮಹಡಿಯ ತುದಿಯಲ್ಲಿ ಉಕ್ಕಿನ ದುಂಡನೆಯ ಕೋಣೆಯೊಂದಿತ್ತು. ಗಗನಯಾತ್ರಿಯ ಉಡುಪು ತೊಟ್ಟವರನ್ನು ಒಳಗೆ ಕೂರಿಸಿ, ಬಾಗಿಲು ಹಾಕಿ, ಪಂಪಿನಿಂದ ಗಾಳಿಯನ್ನೆಲ್ಲ ಹೀರಿ ತೆಗೆದರೆ ಆಕಾಶದಾಚೆಯ ಸ್ಥಿತಿ ಇಲ್ಲೇ ತಯಾರು. ಉಡುಪಿನಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಇಲ್ಲೇ ಗೊತ್ತಾಗಬೇಕು, ಮೇಲೆ ಹೋದಮೇಲಲ್ಲ. ಬಾಗಿಲು ಹಾಕುವುದು, ಗಾಜಿನ ಕಿಟಕಿಯಿಂದ ಒಳಗಿನವರ ಮುಖವನ್ನೇ ನೋಡುತ್ತ ಕೂರುವುದು, ಎಡವಟ್ಟಾದರೆ ಪಕ್ಕದ ಕೆಂಪು ಗುಂಡಿ ಒತ್ತಿ ಗಾಳಿ ಬಿಡುವುದು ಬಾಗಿಲಮ್ಮನ ಕೆಲಸ. ಇಪ್ಪತ್ತಾರು ವರ್ಷದಲ್ಲಿ ನಾಲ್ಕು ಸಲ ಒತ್ತಿದ್ದಳು. ಆಗ ಒಳಗಿದ್ದ ನಾಲ್ಕೂ ಜನ ಇವತ್ತಿಗೂ ಗಟ್ಟಿಮುಟ್ಟಾಗಿ ಓಡಾಡಿಕೊಂಡಿದ್ದಾರೆ, ಒಬ್ಬ ತಾತನೂ ಆಗಿದ್ದಾನೆ.

ಹೊಸ ನಿರ್ದೇಶಕರು ಬಂದವರೇ ಹಳೆಯ ವರದಿಗಳನ್ನು ತರಿಸಿ ಓದಿದರು. ಗುಂಡಿ ಒತ್ತಿದಾಗಲೆಲ್ಲ ಆ ಪರೀಕ್ಷೆಯ ಮುಂದೆ 'ವಿಫಲ' ಅಂತ ಬರೆದಿತ್ತು. ಅವರ ತಲೆಗೆ ತೋಚಿದ್ದು ಒಂದೇ: ಕೇಂದ್ರದ ಹೆಸರು ಕೆಡುವುದು ಈ ಗುಂಡಿಯಿಂದ. ಮಾರನೇ ವಾರವೇ ಸುತ್ತೋಲೆ ಬಂತು. ಗುಂಡಿ ಒತ್ತುವುದೆಂದರೆ ನಿರ್ಧಾರ ತೆಗೆದುಕೊಳ್ಳುವುದು, ನಿರ್ಧಾರ ತೆಗೆದುಕೊಳ್ಳುವುದು ನಾಯಕತ್ವದ ಹೊಣೆ, ಆದ್ದರಿಂದ ಗುಂಡಿ ನಾಯಕರ ಬಳಿಯೇ ಇರತಕ್ಕದ್ದು. ಗೋಡೆ ಒಡೆದು, ತಂತಿ ಎಳೆದು, ಮೂರನೇ ಮಹಡಿಯಲ್ಲಿ ನಿರ್ದೇಶಕರ ಮೇಜಿನ ಮೇಲೆ ಅದನ್ನು ಹಿತ್ತಾಳೆಯ ಚೌಕಟ್ಟಿನಲ್ಲಿ ಕೂರಿಸಿದರು. ಆಮೇಲೆ ಎರಡು ತಿಂಗಳು ಒಂದು ಪರೀಕ್ಷೆಯೂ ವಿಫಲವಾಗಲಿಲ್ಲ. ಆಗುವುದಾದರೂ ಹೇಗೆ? ಆ ಎರಡು ತಿಂಗಳೂ ಒಳಗೆ ಕೂತಿದ್ದು ಖಾಲಿ ಉಡುಪು. ಖಾಲಿ ಉಡುಪೆಲ್ಲಾದರೂ ಉಸಿರು ಕಟ್ಟುತ್ತಿದೆ ಅಂತ ಕೈ ಎತ್ತುತ್ತದೆಯೇ?

ಗುರುವಾರದ ಪರೀಕ್ಷೆಗೆ ಮಾತ್ರ ಜೀವವಿರುವ ಮನುಷ್ಯರೇ ಒಳಗೆ ಹೋಗಬೇಕಿತ್ತು. ಪಟ್ಟಿಯಲ್ಲಿದ್ದ ಹೆಸರು ಬಾಗಿಲಮ್ಮನ ತಮ್ಮನ ಮಗಳದು. ತರಬೇತಿಗೆ ಸೇರಿದಾಗಿನಿಂದ ಆ ಹುಡುಗಿ ಅತ್ತೆಯ ಮನೆಯಲ್ಲೇ ಇದ್ದಳು, ಅತ್ತೆಯ ಚಪ್ಪಲಿಯನ್ನೇ ಮೆಟ್ಟಿಕೊಂಡು ಓಡಾಡುತ್ತಿದ್ದಳು. ಸೋಮವಾರ ತಮ್ಮ ಫೋನ್ ಮಾಡಿ, ಅವಳಮ್ಮ ಸುಮ್ಮನೆ ಹೆದರಿ ಸಾಯುತ್ತಿದ್ದಾಳೆ ಅಂತ ನಕ್ಕ. "ನೀನಿದೀಯಲ್ಲಕ್ಕ ಅಲ್ಲಿ, ನನಗ್ಯಾವ ಭಯ?" ಅಂದ. ಬಾಗಿಲಮ್ಮ ಹೂಂ ಅಂದು ಫೋನ್ ಇಟ್ಟಳು. ತಾನು ಅಲ್ಲಿರುವುದು ನಿಜ, ತನ್ನ ಕೈಯಲ್ಲಿ ಏನೂ ಇಲ್ಲ ಅಂತ ಅವನಿಗೆ ಯಾವ ಬಾಯಲ್ಲಿ ಹೇಳುವುದು?

ಗುಂಡಿಯನ್ನು ಮತ್ತೆ ಕೆಳಗಿಳಿಸಿ ಅಂತ ಕೇಳಲು ಮಂಗಳವಾರ ಮೆಟ್ಟಿಲು ಹತ್ತಿದಳು. ಸಹಾಯಕರು ಸಹನಿರ್ದೇಶಕರನ್ನು ಕೇಳಿ ಅಂದರು, ಸಹನಿರ್ದೇಶಕರು ಉಪನಿರ್ದೇಶಕರನ್ನು ಕೇಳಿ ಅಂದರು, ಉಪನಿರ್ದೇಶಕರು ಇದು ಸೌಲಭ್ಯ ವಿಭಾಗದ್ದೋ ಸುರಕ್ಷತಾ ವಿಭಾಗದ್ದೋ ಅಂತ ಅವಳನ್ನೇ ಕೇಳಿದರು. ಕೊನೆಗೆ ಬುಧವಾರ ನಿರ್ದೇಶಕರ ಮುಂದೆ ನಿಂತಳು. ಅವರು ಕೆಟ್ಟವರೇನಲ್ಲ, ಕುರ್ಚಿ ಕೊಟ್ಟು ಕೂರಿಸಿದರು.

"ಏನಾದ್ರೂ ಆದ್ರೆ ಒಂದು ಫೋನ್ ಮಾಡಿಯಮ್ಮ. ನಾನು ಇಲ್ಲೇ ಕೂತಿರ್ತೀನಲ್ಲ."

"ಗಾಳಿ ಹೋದ್ರೆ ಹದಿನೈದು ಸೆಕೆಂಡಿಗೆ ಪ್ರಜ್ಞೆ ತಪ್ಪುತ್ತೆ ಸಾರ್. ನಿನ್ನೆ ಫೋನ್ ಮಾಡಿ ನೋಡಿದೆ. ಹನ್ನೊಂದು ಸಲ ರಿಂಗಾದ್ಮೇಲೆ ನಿಮ್ಮ ಪಿ.ಎ. ಎತ್ತಿ ಯಾವ ವಿಷಯ ಅಂತ ಕೇಳಿದ್ರು."

ಪಿ.ಎ.ಗೆ ತಿಳಿಹೇಳುವುದಾಗಿ ನಿರ್ದೇಶಕರು ಮಾತು ಕೊಟ್ಟರು. ಅಲ್ಲಿಗೆ ಭೇಟಿ ಮುಗಿಯಿತು. ಗಾಳಿಯನ್ನು ಗುದ್ದಿ ಮೈ ನೋಯಿಸಿಕೊಂಡಂತಾಗಿ ಬಾಗಿಲಮ್ಮ ಕೆಳಗಿಳಿದಳು.

ಗುರುವಾರ ಪರೀಕ್ಷೆ ನೋಡಲು ದೊಡ್ಡ ಅತಿಥಿಯೊಬ್ಬರು ಬಂದರು. ಅತಿಥಿ ಬಂದಮೇಲೆ ಫೋಟೊ ಬೇಡವೇ? ಕಿಟಕಿಯ ಪಕ್ಕ ಯಾರು ನಿಲ್ಲಬೇಕು ಅಂತ ಒಳಗೊಳಗೇ ನೂಕಾಟ ನಡೆದು, ಕೊನೆಗೆ ಎಲ್ಲರೂ ನಿಂತರು. ತಮ್ಮನ ಮಗಳು ಉಡುಪು ತೊಟ್ಟು, ಹೆಲ್ಮೆಟ್ಟಿನೊಳಗಿಂದ ಅತ್ತೆಗೆ ಕಣ್ಣು ಮಿಟುಕಿಸಿ ಒಳಗೆ ಹೋಗಿ ಕೂತಳು. ಬಾಗಿಲಮ್ಮ ಬಾಗಿಲಿನ ಹಿಡಿಗೆ ಕೈಯಿಟ್ಟು ಸುತ್ತ ನೋಡಿದಳು. ಹನ್ನೆರಡು, ಹದಿಮೂರು, ಹದಿನಾಲ್ಕು. ನಾಯಕತ್ವವೆಲ್ಲ ಕೆಳಗೇ ಇತ್ತು.

"ಸಾರ್, ಮೇಲೆ ಬಟನ್ ಹತ್ತಿರ ಯಾರಿದಾರೆ?"

ನಿರ್ದೇಶಕರ ಕೈ ತಾನಾಗಿ ಜೇಬಿಗೆ ಹೋಯಿತು. ಕೋಣೆಗೆ ಬೀಗ ಹಾಕಿ ಬಂದಿದ್ದರು, ಕೀಲಿ ಜೇಬಿನಲ್ಲಿತ್ತು. ಅವರು ಹತ್ತಿರ ಬಂದು, ಅತಿಥಿಗೆ ಕೇಳಿಸದಂತೆ, ಇವತ್ತೊಂದು ದಿನ ಬಾಗಿಲು ಹಾಕಿಬಿಡಿ, ಐದು ನಿಮಿಷದ ಮಾತು ಅಂತ ಪಿಸುಗುಟ್ಟಿದರು.

ಬಾಗಿಲಮ್ಮ ಹಿಡಿಯಿಂದ ಕೈ ತೆಗೆದಳು.

"ಹಾಕ್ತೀನಿ ಸಾರ್. ಅವಳನ್ನ ಆಚೆ ಕರೀತೀನಿ, ನೀವು ಒಳಗೆ ಹೋಗಿ ಕೂತ್ಕೊಳ್ಳಿ. ಹಾಕ್ತೀನಿ."

ಅತಿಥಿಗೆ ಇದು ಕಾರ್ಯಕ್ರಮದ ಭಾಗವೇ ಅನ್ನಿಸಿತು. ಹೋಗಿಬನ್ನಿ, ಫೋಟೊ ಬಹಳ ಚೆನ್ನಾಗಿ ಬರುತ್ತದೆ ಅಂತ ಪಾಪ ಮನಸಾರೆ ಹುರಿದುಂಬಿಸಿದರು. ನಿರ್ದೇಶಕರು ಒಳಗೆ ಇಣುಕಿದರು. ಕಬ್ಬಿಣದ ಬೆಂಚು, ದಪ್ಪ ಕೊಳವೆಗಳು, ಗೇಣು ದಪ್ಪದ ಬಾಗಿಲು. ಆ ಕೋಣೆಯನ್ನು ಅವರು ಇಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಹಣೆ ಒರೆಸಿಕೊಂಡು, ತಾಂತ್ರಿಕ ಕಾರಣಗಳಿಂದ ಪರೀಕ್ಷೆಯನ್ನು ಮುಂದೂಡಲಾಗಿದೆ ಅಂತ ಸಾರಿದರು.

ಸಂಜೆಯೊಳಗೆ ಮತ್ತೆ ಗೋಡೆ ಒಡೆದು ಗುಂಡಿಯನ್ನು ಕೆಳಗಿಳಿಸಿದರು. ಶುಕ್ರವಾರ ಎರಡು ಕಾಗದ ಬಂದವು. ಗುಂಡಿಯನ್ನು ಕೋಣೆಯ ಪಕ್ಕಕ್ಕೇ ತಂದ ನಿರ್ದೇಶಕರ ದೂರದೃಷ್ಟಿಯನ್ನು ಹೊಗಳಿದ ಸುತ್ತೋಲೆ ಒಂದು, ಅತಿಥಿಯ ಮುಂದೆ ಉದ್ಧಟತನ ತೋರಿದ್ದಕ್ಕೆ ಬಾಗಿಲಮ್ಮನಿಗೆ ನೋಟಿಸು ಇನ್ನೊಂದು. ನೋಟಿಸನ್ನು ನಾಲ್ಕು ಮಡಿಕೆ ಮಾಡಿ ಅಲ್ಲಾಡುವ ಕುರ್ಚಿಯ ಕಾಲ ಕೆಳಗೆ ಇಟ್ಟಳು. ಕುರ್ಚಿ ಗಟ್ಟಿಯಾಗಿ ಕೂತಿತು.

ಸೋಮವಾರ ಪರೀಕ್ಷೆ ನಡೆಯಿತು. ಅತಿಥಿಯಿರಲಿಲ್ಲ, ಹಾಗಾಗಿ ಮುಖ್ಯಸ್ಥರೂ ಇರಲಿಲ್ಲ. ಹದಿನೆಂಟು ನಿಮಿಷ ಎಲ್ಲ ನೆಟ್ಟಗಿತ್ತು. ಹತ್ತೊಂಬತ್ತನೆಯದರಲ್ಲಿ ಹುಡುಗಿ ತನ್ನ ಎಡಗೈ ಗವಸನ್ನೇ ನೋಡತೊಡಗಿದಳು. ಮುಖದಲ್ಲಿದ್ದ ನಗು ಆರಿತು, ಕೈ ಮೇಲೆತ್ತಲು ಹೋಗಿ ಅರ್ಧಕ್ಕೆ ನಿಂತಿತು. ಆ ಕೈ ಪೂರ್ತಿ ಏಳುವವರೆಗೆ ಬಾಗಿಲಮ್ಮ ಕಾಯಲಿಲ್ಲ. ಗುಂಡಿ ಒತ್ತಿದಳು, ಗಾಳಿ ಭೋರೆಂದು ಒಳನುಗ್ಗಿತು.

ಗವಸಿನ ಹೊಲಿಗೆ ಹೆಬ್ಬೆರಳ ಬುಡದಲ್ಲಿ ಬಿಟ್ಟಿತ್ತು. ಅಷ್ಟಾದರೂ ಹೊರಗೆ ಬಂದ ಹುಡುಗಿಗೆ ಸಿಟ್ಟೋ ಸಿಟ್ಟು. ಇನ್ನೊಂದು ನಿಮಿಷ ತಡೆದಿದ್ದರೆ ತಾನೇ ಸರಿಮಾಡಿಕೊಳ್ಳುತ್ತಿದ್ದೆ, ಅತ್ತೆ ಎಲ್ಲ ಹಾಳುಮಾಡಿದರು ಅಂತ ಕಣ್ಣಲ್ಲಿ ನೀರು ತುಂಬಿಕೊಂಡು ಮನೆಯವರೆಗೂ ಗೊಣಗಿದಳು. ಕಾರಣ ಚರ್ಚಿಸಲು ಹದಿನಾಲ್ಕು ಜನ ಮೂರನೇ ಮಹಡಿಯಲ್ಲಿ ತುರ್ತುಸಭೆ ಸೇರಿದರು.

ಸಂಜೆ ತಮ್ಮನ ಫೋನ್ ಬಂತು. ಏನಾಯಿತಕ್ಕ ಅಂತ ಕೇಳಿದ. ಈ ಸಲ ಅವನು ನಗಲಿಲ್ಲ.

"ಫೇಲಾಯ್ತು ಕಣೋ," ಅಂದಳು ಬಾಗಿಲಮ್ಮ. "ಊಟಕ್ಕೆ ಕೂತಿದಾಳೆ, ಕೊಡ್ಲಾ?"